ಊರಿನ ಪಡುಗಾಳಿ, ಇಲ್ಲಿಯ ಪಡುಗಾಳಿ

ಮೇ ತಿಂಗಳ ಕೊನೆಯ ಭಾನುವಾರ. ಬೆಳಗ್ಗೆ ಹತ್ತು ಗಂಟೆ ಹೊತ್ತಿಗೆ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು. ಎತ್ತಿದರೆ ಅಕ್ಕನ ಮಗ. "ಚಿಕ್ಕಮ್ಮ, ಗಾಬರಿ ಆಗಬೇಡಿ" ಎಂದೇ ಶುರು ಮಾಡಿದ. ಹಾಗೆ ಶುರುವಾದ ಫೋನು ಯಾವತ್ತಾದರೂ ಗಾಬರಿ ಇಲ್ಲದೆ ಮುಗಿದದ್ದುಂಟೇ?

"ನಾನು ದಡದಲ್ಲೇ ಇದ್ದೇನೆ. ಏನೂ ಆಗಿಲ್ಲ. ಫೋನು ಮಾತ್ರ ಸಮುದ್ರಕ್ಕೆ ಹೋಯಿತು. ಇದು ಮೀನು ಹಿಡಿಯುವ ಅಣ್ಣನ ಫೋನು. ಅವರೇ ನನ್ನನ್ನು ಎಳೆದುಕೊಂಡು ಬಂದದ್ದು."

ಎಲ್ಲಿಂದ ಎಳೆದುಕೊಂಡು ಬಂದರು ಮಾರಾಯ ಎಂದೆ. "ಸ್ವಲ್ಪ ಒಳಗಿಂದ" ಎಂದ. ಆ "ಸ್ವಲ್ಪ" ಎರಡು ಕಿಲೋಮೀಟರಿಗೂ ಹೆಚ್ಚು ಎಂದು ಆಮೇಲೆ ದೋಣಿಯವರ ಬಾಯಿಂದಲೇ ಕೇಳಿದೆ.

ಈ ಅಂಕಣದಲ್ಲಿ ನಾನು ಸಾಮಾನ್ಯವಾಗಿ ರಾಯಪುರಂನ ಬೀದಿ, ಕಾಸಿಮೇಡಿನ ಮೀನು, ನಮ್ಮ ಮನೆಯ ಅರೆ ತಮಿಳು ಅರೆ ಕನ್ನಡದ ಮಾತು ಇಂಥದ್ದನ್ನೇ ಬರೆದುಕೊಂಡು ಬಂದವಳು. ಈ ಸಲ ಹಾಯಿ ಕಟ್ಟಿದ ಹಲಗೆಯ ಕತೆ. ನಿಮಗೆ ನೀರಾಟದಲ್ಲಿ ಆಸಕ್ತಿ ಇಲ್ಲದಿದ್ದರೂ ಓದಿ. ನಮ್ಮ ಕರಾವಳಿಯಿಂದ ಇತ್ತ ಬಂದವರೇ ಬೀಳಬಹುದಾದ ಒಂದು ಗುಂಡಿ ಇದರಲ್ಲಿದೆ, ಹುಡುಗ ಅದರಲ್ಲೇ ಬಿದ್ದ.

ಹುಡುಗ ಮೂಲ್ಕಿಯವನು. ಎರಡು ವರ್ಷದಿಂದ ಇಲ್ಲಿ ಓಎಂಆರ್‌ನ ಕಂಪನಿಯೊಂದರಲ್ಲಿ ಕೆಲಸ. ಅವನ ಬಳಿ ಗಾಳಿ ತುಂಬುವ ಒಂದು ಸ್ಟ್ಯಾಂಡ್-ಅಪ್ ಪ್ಯಾಡಲ್ ಬೋರ್ಡ್ ಇದೆ. ಹಲಗೆಯ ಮೇಲೆ ನಿಂತುಕೊಂಡು ಉದ್ದನೆಯ ಹುಟ್ಟು ಹಾಕುತ್ತಾ ಹೋಗುವ ಆಟ ಅದು. ಮಡಚಿದರೆ ಬೆನ್ನಿಗೆ ಹಾಕುವ ಚೀಲ. ಪಂಪು ಹೊಡೆದರೆ ಹತ್ತೂವರೆ ಅಡಿ ಉದ್ದ, 32 ಇಂಚು ಅಗಲ, 6 ಇಂಚು ದಪ್ಪದ ಗಟ್ಟಿ ಹಲಗೆ. ಒಳಗಿನ ಒತ್ತಡ ಕಾರಿನ ಚಕ್ರದ ಅರ್ಧದಷ್ಟು. ಊರಲ್ಲಿ ಶಾಂಭವಿ ಹೊಳೆಯ ಹಿನ್ನೀರಿನಲ್ಲಿ ಇದನ್ನು ಕಲಿತ. ಮೂಲ್ಕಿ, ಸಸಿಹಿತ್ಲು ಕಡೆಯವರಿಗೆ ಇದು ಹೊಸದಲ್ಲ. 2016ರಲ್ಲಿ ಸಸಿಹಿತ್ಲು ಕಡಲತೀರದಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ನಡೆಯಿತು, 2024ರ ಮಾರ್ಚ್‌ನಲ್ಲಿ ಇದೇ ಪ್ಯಾಡಲ್ ಆಟದ ಅಂತರರಾಷ್ಟ್ರೀಯ ಸ್ಪರ್ಧೆಯೂ ಅಲ್ಲಿಗೇ ಬಂತು.

ಅವನ ಹಲಗೆಯ ಮೇಲ್ಭಾಗದಲ್ಲಿ, ಸುಮಾರು ನಡುವಿಗೆ, ಒಂದು ಸಣ್ಣ ಮುಚ್ಚಳ. ಬಿಚ್ಚಿದರೆ ಒಳಗೆ ತಿರುಪು ಕೂರುವ ತೂತು. ಅದು ಯಾತಕ್ಕೆ ಎಂದು ಅವನಿಗೆ ಎರಡು ವರ್ಷ ಗೊತ್ತಿರಲಿಲ್ಲ. ಆಫೀಸಿನ ಒಬ್ಬರು ಹೇಳಿದರಂತೆ, "ಅದು ಹಾಯಿಯ ಕಂಬ ಕೂರಿಸುವ ಜಾಗ. ಇದರಲ್ಲಿ ವಿಂಡ್‌ಸರ್ಫಿಂಗ್ ಮಾಡಬಹುದು. ನನ್ನ ಹಳೇ ಹಾಯಿ ಇದೆ, ಬೇಕಾದರೆ ತಗೊ." ಅಷ್ಟು ಸಾಕಾಯಿತು.

ಇದು ತಲೆಕೆಟ್ಟ ಯೋಚನೆ ಎಂದು ನೀವು ಅಂದುಕೊಂಡರೆ, ನಾನೂ ಹಾಗೇ ಅಂದುಕೊಂಡಿದ್ದೆ. ಆಮೇಲೆ ಓದಿ ನೋಡಿದರೆ ಹಾಗಲ್ಲ. ಹಲಗೆಗೆ ಹಾಯಿ ಕಟ್ಟುವ ಆಟ ಶುರುವಾದದ್ದೇ ಇಂಥ ಉದ್ದದ, ಅಗಲದ, ನಿಧಾನದ ಹಲಗೆಗಳಿಂದ. ಇಂಗ್ಲೆಂಡಿನ ಪೀಟರ್ ಚಿಲ್ವರ್ಸ್ ಎಂಬ ಹನ್ನೆರಡು ವರ್ಷದ ಹುಡುಗ 1958ರಲ್ಲಿ ಹೇಲಿಂಗ್ ದ್ವೀಪದಲ್ಲಿ ತಾನೇ ಒಂದನ್ನು ಮಾಡಿಕೊಂಡಿದ್ದ. ಅಮೆರಿಕದ ನ್ಯೂಮನ್ ಡಾರ್ಬಿ ತನ್ನ ಹಾಯಿಹಲಗೆಯ ವಿವರವನ್ನು 1965ರಲ್ಲಿ ಪಾಪ್ಯುಲರ್ ಸೈನ್ಸ್ ಪತ್ರಿಕೆಯಲ್ಲಿ ಬರೆದ. 1968ರಲ್ಲಿ ಹಾಯಲ್ ಶ್ವೈಟ್ಸರ್ ಮತ್ತು ಜಿಮ್ ಡ್ರೇಕ್ ಪೇಟೆಂಟಿಗೆ ಅರ್ಜಿ ಹಾಕಿದರು. ಎತ್ತ ಬೇಕಾದರೂ ವಾಲುವ ಗಿಣ್ಣಿನ ಮೇಲೆ ಕಂಬ ನಿಲ್ಲಿಸಿದ ಹಲಗೆ ಅವರದು. ಆ ಪೇಟೆಂಟು ಇಂಗ್ಲೆಂಡಿನ ಕೋರ್ಟು ಹತ್ತಿ, 1985ರಲ್ಲಿ ಬಿದ್ದುಹೋಯಿತು. ಬೀಳಿಸಿದ್ದು ಆ ಹನ್ನೆರಡು ವರ್ಷದ ಹುಡುಗನ ಹಲಗೆಯೇ: ನಿಮಗಿಂತ ಮೊದಲೇ ಇದನ್ನು ಒಬ್ಬ ಮಾಡಿ, ಎಲ್ಲರೆದುರೇ ಆಡಿದ್ದನಲ್ಲ ಎಂದಿತು ಕೋರ್ಟು. ಅಷ್ಟು ಹೊತ್ತಿಗೆ 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಈ ಆಟ ಸೇರಿಯಾಗಿತ್ತು.

ಆಮೇಲಾಮೇಲೆ ವೇಗದ ಆಸೆಗೆ ಹಲಗೆಗಳು ಗಿಡ್ಡವಾದವು, ಹೊಸಬರಿಗೆ ನಿಲ್ಲುವುದೇ ಕಷ್ಟವಾಯಿತು. ಈಗ ಪ್ಯಾಡಲ್ ಹಲಗೆಗಳು ಬಂದ ಮೇಲೆ ಮತ್ತೆ ಉದ್ದ, ಅಗಲ, ತೇಲುವ ಶಕ್ತಿ ಎಲ್ಲ ವಾಪಸ್ಸು ಬಂದಿದೆ. ಗಂಟೆಗೆ 10ರಿಂದ 20 ಕಿಲೋಮೀಟರ್ ವೇಗದ ಸಾಧಾರಣ ಗಾಳಿಗೆ, ನಾಲ್ಕೈದು ಚದರ ಮೀಟರ್ ಹಾಯಿ ಕಟ್ಟಿದರೆ ಇದು ಕಲಿಯುವವರಿಗೆ ಹೇಳಿ ಮಾಡಿಸಿದ ಹಲಗೆ. ಗಾಳಿ ಬಿದ್ದರೆ ಹಾಯಿ ಸುತ್ತಿಟ್ಟು ಹುಟ್ಟು ಹಾಕಿಕೊಂಡು ಬರಬಹುದು.

ಹುಟ್ಟು ಇದ್ದರೆ! ನಮ್ಮ ಹುಡುಗ ಅದನ್ನು ಕಾರಿನಲ್ಲೇ ಬಿಟ್ಟು ಹೋಗಿದ್ದ. "ಹಾಯಿ ಇದೆಯಲ್ಲ ಚಿಕ್ಕಮ್ಮ, ಹುಟ್ಟು ಯಾಕೆ ಅಂದುಕೊಂಡೆ" ಎಂದ. ಇದು ಮೊದಲ ತಪ್ಪು. ಇನ್ನೂ ಎರಡಿವೆ.

ಆ ಬೆಳಗ್ಗೆ ಏಳು ಗಂಟೆಗೆ ಅವನು ಊರ ದಕ್ಷಿಣದ ಒಂದು ಮರಳದಂಡೆಗೆ ಹೋಗಿದ್ದಾನೆ. ಗಾಳಿ ಬೀಸುತ್ತಿತ್ತು, ಪಶ್ಚಿಮದಿಂದ. "ಪಡುಗಾಳಿ, ಒಳ್ಳೆಯದೇ ಆಯಿತು" ಅಂದುಕೊಂಡನಂತೆ. ಈ ಮಾತು ಕೇಳಿ ನನಗೆ ಕೈಕಾಲು ತಣ್ಣಗಾಯಿತು. ಯಾಕೆಂದರೆ ಅವನ ಜಾಗದಲ್ಲಿ ನಾನಿದ್ದರೂ ಹಾಗೇ ಅಂದುಕೊಳ್ಳುತ್ತಿದ್ದೆ.

ನಮ್ಮ ಊರಲ್ಲಿ ಪಡು ಎಂದರೆ ಕಡಲು. ಪಡುವಣ ಗಾಳಿ ಎಂದರೆ ಕಡಲಿನಿಂದ ಮನೆಯ ಕಡೆಗೆ ಬರುವ ಗಾಳಿ. ಮಧ್ಯಾಹ್ನದ ಮೇಲೆ ಬೀಸುವ ಆ ಗಾಳಿಗೆ ಏನು ಬಿದ್ದರೂ ದಡಕ್ಕೇ ಬಂದು ಸೇರುತ್ತದೆ, ಕೊಡೆ, ಚೆಂಡು, ತೆಂಗಿನಕಾಯಿ, ಈಜು ಬಾರದ ಪೇಟೆಯ ನೆಂಟರು, ಎಲ್ಲ. ಹೆದರಬೇಕಾದದ್ದು ಬೆಳಗಿನ ಮೂಡುಗಾಳಿಗೆ. ಇಷ್ಟನ್ನು ನಮಗೆ ಯಾರೂ ಕಲಿಸಲಿಲ್ಲ, ಗೊತ್ತಾಗಿಬಿಟ್ಟಿರುತ್ತದೆ.

ಚೆನ್ನೈನಲ್ಲಿ ಕಡಲು ಇರುವುದು ಮೂಡಲಿಗೆ. ಇಲ್ಲಿ ಅದೇ ಪಡುಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ. ಊರಲ್ಲಿ ಮನೆಗೆ ತಲುಪಿಸುವ ಗಾಳಿಯೇ ಇಲ್ಲಿ ಮನೆಯಿಂದ ದೂರ ಒಯ್ಯುತ್ತದೆ. ಮೇ ತಿಂಗಳ ಕೊನೆಯಿಂದ ಸೆಪ್ಟೆಂಬರಿನ ತನಕ ಬೆಳಗಿನ ಹೊತ್ತು ಇಲ್ಲಿ ಸಾಮಾನ್ಯವಾಗಿ ಇದೇ ಗಾಳಿ. ಮಧ್ಯಾಹ್ನ ಕಡಲಗಾಳಿ ಆಗ್ನೇಯದಿಂದ ಒಳಗೆ ಬಂದರೆ ಊರು ತಣ್ಣಗಾಗುತ್ತದೆ. ಪಡುಗಾಳಿ ಜೋರಿದ್ದು ಅದು ಬರುವುದು ತಡವಾದ ದಿನ ಊರು ಬೇಯುತ್ತದೆ. ಇಲ್ಲಿ ನೆಲೆಸಿದ ನಮಗೆಲ್ಲ ಈ ಸೆಕೆಯ ಲೆಕ್ಕ ಗೊತ್ತು. ಆದರೆ ಗಾಳಿಯನ್ನು ಬೆವರಿನಿಂದ ತಿಳಿಯುವುದು ಬೇರೆ, ನೀರಿನ ಮೇಲೆ ನಿಂತು ತಿಳಿಯುವುದು ಬೇರೆ.

ಇನ್ನೊಂದು ಮೋಸವೂ ಇದೆ. ನೆಲದಿಂದ ಕಡಲಿಗೆ ಬೀಸುವ ಗಾಳಿಗೆ ದಡದ ಹತ್ತಿರ ನೀರು ಕೆರೆಯ ಹಾಗೆ ಸಪಾಟಾಗಿರುತ್ತದೆ. ಮನೆಗಳು, ಗಾಳಿಮರಗಳು ಗಾಳಿಯನ್ನು ತಡೆಯುವುದರಿಂದ ದಡದಲ್ಲಿ ನಿಂತವರಿಗೆ ಅದರ ಜೋರೂ ತಿಳಿಯುವುದಿಲ್ಲ. ಇನ್ನೂರು ಮೀಟರ್ ಒಳಗೆ ಹೋದ ಮೇಲೆ ಮರೆ ತಪ್ಪಿ ಗಾಳಿ ಪೂರ್ತಿ ಸಿಗುತ್ತದೆ, ಅಲೆಯೂ ಏಳುತ್ತದೆ. ಹೊಸಬರಿಗೆ ಇದಕ್ಕಿಂತ ಚಂದದ ನೀರಿಲ್ಲ ಎನಿಸುವ ದಿನವೇ ಅತಿ ಅಪಾಯದ ದಿನ. ಹುಡುಗ ಹಾಯಿ ಎತ್ತಿದ, ಹಲಗೆ ಸರ್ರನೆ ಹೊರಟಿತು, "ಎಂಥ ಖುಷಿ ಅಂತೀರಿ" ಎಂದ. ಐದು ನಿಮಿಷದ ಖುಷಿ. ತಿರುಗಿ ನೋಡಿದರೆ ದಡದಲ್ಲಿ ನಿಂತವರು ಬೆರಳಿನಷ್ಟು.

ತಿರುಗಿಸಲು ನೋಡಿದ. ಹಲಗೆ ತಿರುಗಿತು, ಆದರೆ ದಡದ ಕಡೆ ಮೂತಿ ಇಟ್ಟುಕೊಂಡೇ ಅಡ್ಡಡ್ಡ ಜಾರುತ್ತಾ ಒಳಗೇ ಹೋಯಿತು. ಹಾಯಿ ಇಳಿಸಿ, ಮಲಗಿ, ಕೈಯಲ್ಲಿ ನೀರು ಹೊಡೆದ. ಏನೂ ಪ್ರಯೋಜನವಾಗಲಿಲ್ಲ. ಅಷ್ಟರಲ್ಲಿ ಸೊಂಟದ ಚೀಲದಿಂದ ಫೋನು ಹೋಯಿತು. ಅವನು ಮಾಡಿದ ಸರಿಯಾದ ಕೆಲಸ ಮೂರು. ಲೈಫ್ ಜಾಕೆಟ್ ಹಾಕಿದ್ದ. ಹಲಗೆಗೂ ಕಾಲಿಗೂ ಹಗ್ಗ ಕಟ್ಟಿಕೊಂಡಿದ್ದ. ಈಜಿ ಹೋಗುತ್ತೇನೆ ಎಂದು ಹಲಗೆ ಬಿಡಲಿಲ್ಲ. ಎರಡೂ ಕೈ ಮೇಲೆತ್ತಿ ಇಳಿಸುತ್ತಾ ಕೂತಿದ್ದವನನ್ನು ಬಲೆ ಮುಗಿಸಿ ಬರುತ್ತಿದ್ದ ಫೈಬರ್ ದೋಣಿಯವರು ಕಂಡರು. ದುಡ್ಡು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. "ಕಾಲೈಲೆ ಕರೈ ಕಾತ್ತುಲೆ ಯಾರಾವದು ಪಾಯ್ ಕಟ್ಟುವಾಂಗಳಾ, ತಂಬಿ?" ಎಂದು ಬೈದರಂತೆ. ಬೆಳಗಿನ ಕರೆಗಾಳಿಗೆ ಯಾರಾದರೂ ಹಾಯಿ ಕಟ್ಟುತ್ತಾರೇನಪ್ಪಾ ಎಂದು.

ಮುಂದಿನ ವಾರ ಅವನು ಹಲಗೆಯನ್ನು ಹೊತ್ತುಕೊಂಡು ನಮ್ಮ ಮನೆಗೆ ಬಂದ. ನಾನು ಬೈದು ಮುಗಿಸಿದ ಮೇಲೆ ಮೆಲ್ಲಗೆ, "ಇಲ್ಲೇ ರಾಯಪುರಂನಲ್ಲಿ ಇಳಿಸಬಹುದಾ ಚಿಕ್ಕಮ್ಮ, ನೀವು ನೋಡುತ್ತಾ ಇರಬಹುದು" ಎಂದ. ಅವನನ್ನು ಕಡಲಕರೆಯ ರಸ್ತೆಗೆ ಕರೆದುಕೊಂಡು ಹೋಗಿ ತೋರಿಸಿದೆ. ಮರಳಿಲ್ಲ. ಉದ್ದಕ್ಕೂ ಕಪ್ಪು ಬಂಡೆಗಳ ಗೋಡೆ. ಆಚೆ ಕಾಸಿಮೇಡಿನ ಬಂದರು, ಟ್ರಾಲರುಗಳು.

ಇಲ್ಲೂ ಒಂದು ಕಾಲದಲ್ಲಿ ಮರಳದಂಡೆ ಇತ್ತು. 1875ರಲ್ಲಿ ಮದರಾಸು ಬಂದರಿಗೆ ಅಡಿಗಲ್ಲು ಬಿತ್ತು. ಕಟ್ಟಿದ ಗೋಡೆಗಳನ್ನು 1881ರ ಚಂಡಮಾರುತ ಮುರಿದು ಹಾಕಿತು, ಮತ್ತೆ ಕಟ್ಟಿದರು. ಈ ಕರೆಯಲ್ಲಿ ಮರಳು ವರ್ಷದ ಹೆಚ್ಚು ಕಾಲ ದಕ್ಷಿಣದಿಂದ ಉತ್ತರಕ್ಕೆ ಸಾಗುತ್ತಿರುತ್ತದೆ. ಬಂದರಿನ ಗೋಡೆ ಅದಕ್ಕೆ ಅಡ್ಡ ನಿಂತಿತು. ದಕ್ಷಿಣಕ್ಕೆ ಮರಳು ತುಂಬಿ ಮರೀನಾ ಅಷ್ಟು ಅಗಲವಾಯಿತು, ಉತ್ತರಕ್ಕೆ ಮರಳು ಬಾರದೆ ರಾಯಪುರಂನ ಕರೆ ಕೊಚ್ಚಿ ಹೋಯಿತು. ಮರೀನಾದಲ್ಲಿ ಸುಂಡಲ್ ತಿನ್ನುವವರು ನೆನಪಿಟ್ಟುಕೊಳ್ಳಬೇಕು: ಆ ಮರಳಿನಲ್ಲಿ ಒಂದಿಷ್ಟು ನಮ್ಮ ರಾಯಪುರಂಗೆ ಬರಬೇಕಾದದ್ದು.

ಬಂಡೆಯ ಮೇಲೆ ಕೂತಿದ್ದ ನಮ್ಮ ಬೀದಿಯ ತಾತ ಹಲಗೆಯನ್ನು ಕಂಡು ಎದ್ದು ಬಂದರು. ಎಪ್ಪತ್ತು ದಾಟಿದವರು, ಹರೆಯದಲ್ಲಿ ಕಟ್ಟುಮರದಲ್ಲಿ ಕಡಲಿಗೆ ಹೋದವರು, ಈಗ ಬಲೆ ಹೆಣೆದುಕೊಂಡಿದ್ದಾರೆ. ಹಲಗೆಯನ್ನು ಬೆರಳಿನಿಂದ ತಟ್ಟಿ ನೋಡಿದರು. ನಕ್ಕರು. "ಕಾತ್ತು ಅಡಿಚ್ಚ ಕಟ್ಟುಮರಮ್ಮಾ ಇದು" ಎಂದರು. ಗಾಳಿ ತುಂಬಿದ ಕಟ್ಟುಮರವಮ್ಮಾ ಇದು.

ನಾವೂ ನಕ್ಕೆವು. ಆದರೆ ತಾತ ತಮಾಷೆ ಮಾಡಿರಲಿಲ್ಲ. ಕಟ್ಟುಮರ ಎನ್ನುವುದಕ್ಕೆ ಕನ್ನಡದವರಿಗೆ ಅರ್ಥ ಹೇಳಬೇಕಾಗಿಲ್ಲ: ಕಟ್ಟಿದ ಮರ. ಹಗುರ ಜಾತಿಯ ಮೂರೋ ಐದೋ ದಿಮ್ಮಿಗಳನ್ನು ಮೂತಿ ಮೇಲಾಗುವಂತೆ ಕೆತ್ತಿ, ತೆಂಗಿನ ನಾರಿನ ಹಗ್ಗದಿಂದ ಬಿಗಿದರೆ ಆಯಿತು. ದಡಕ್ಕೆ ಬಂದ ಮೇಲೆ ಹಗ್ಗ ಬಿಚ್ಚಿ ದಿಮ್ಮಿಗಳನ್ನು ಒಣಗಲು ಬಿಡುತ್ತಿದ್ದರು. ಒಳಗೆ ನೀರು ತುಂಬುವ ಪ್ರಶ್ನೆಯೇ ಇಲ್ಲ, ಯಾಕೆಂದರೆ ಒಳಗು ಎಂಬುದೇ ಇಲ್ಲ. ಮೊಣಕಾಲೂರಿಯೋ ನಿಂತೋ ಉದ್ದ ಹುಟ್ಟು ಹಾಕಿಕೊಂಡು ಅಲೆ ದಾಟುವುದು, ಗಾಳಿ ಬಂದರೆ ಮೂರು ಮೂಲೆಯ ಹಾಯಿ ಎತ್ತುವುದು. ವಿಲಿಯಂ ಡ್ಯಾಂಪಿಯರ್ ಎಂಬ ಇಂಗ್ಲಿಷ್ ನಾವಿಕ ತನ್ನ 1697ರ ಪ್ರವಾಸದ ಪುಸ್ತಕದಲ್ಲಿ ಈ ಕರೆಯ ಇವನ್ನು ವರ್ಣಿಸಿದ. ಅಲ್ಲಿಂದ ಕ್ಯಾಟಮರಾನ್ ಎಂಬ ಮಾತು ಇಂಗ್ಲಿಷಿಗೆ ಹೋಗಿ, ಈಗ ಎರಡು ಒಡಲಿನ ಐಷಾರಾಮಿ ಹಡಗಿಗೆಲ್ಲ ಅದೇ ಹೆಸರು. ಹೆಸರು ಕೊಟ್ಟ ಮರ ಮಾತ್ರ ನಮ್ಮ ಕಣ್ಣೆದುರೇ ಮರೆಯಾಯಿತು. ಮೊದಲೇ ಬರತೊಡಗಿದ್ದ ಫೈಬರ್ ದೋಣಿಗಳು 2004ರ ಸುನಾಮಿಯ ನಂತರ ಪರಿಹಾರವಾಗಿ ರಾಶಿ ರಾಶಿ ಬಂದವು.

ಬಂದರು ಇಲ್ಲದ ಕಾಲದಲ್ಲಿ ಮದರಾಸಿನ ಹಡಗುಗಳು ದೂರದಲ್ಲೇ ಲಂಗರು ಹಾಕುತ್ತಿದ್ದವು. ಜನ, ಸಾಮಾನು ಎಲ್ಲ ಹೊಲಿದು ಮಾಡಿದ ಮಸೂಲಾ ದೋಣಿಗಳಲ್ಲಿ ದಡಕ್ಕೆ ಬರುತ್ತಿತ್ತು. ಪಕ್ಕದಲ್ಲಿ ಕಟ್ಟುಮರದವರು ಇರುತ್ತಿದ್ದರು. ದೋಣಿ ಮಗುಚಿದರೆ ಜನರನ್ನು ಎತ್ತುವುದು ಅವರ ಕೆಲಸ. ಹಡಗಿಗೆ ಹೋಗುವ ಕಾಗದಗಳನ್ನು ನೀರು ತಾಕದ ಟೊಪ್ಪಿಯೊಳಗೆ ಇಟ್ಟು ಒಯ್ಯುವವರೂ ಅವರೇ. ರಾಯಪುರಂ ಆ ದೋಣಿಯವರ ಊರು. ಇಲ್ಲಿಯ ಸಂತ ಪೀಟರ್ ಚರ್ಚನ್ನು ಕಟ್ಟಿಸಿದ್ದೂ ದೋಣಿ ನಡೆಸುವವರೇ. ಪೀಟರನಿಗೆ ತಮಿಳಿನಲ್ಲಿ ರಾಯಪ್ಪರ್. ಊರಿಗೆ ಹೆಸರು ಬಂದದ್ದು ಅವನಿಂದ ಎನ್ನುತ್ತಾರೆ. ಇಲ್ಲಿಗೆ ಬಂದ ಹೊಸದರಲ್ಲಿ ನಾನು ಯಾವನೋ ರಾಯನ ಪುರ ಅಂದುಕೊಂಡಿದ್ದೆ. ಮೀನುಗಾರನೊಬ್ಬನ ಪುರ!

ತಾತ ಹಲಗೆಯನ್ನು ಮಗುಚಿ ಅಡಿಭಾಗ ನೋಡಿದರು. ಹಿಂಬದಿಯಲ್ಲಿ ಒಂದು ಫಿನ್, ಅಂದರೆ ಮೀನಿನ ರೆಕ್ಕೆಯಂಥ ತುಂಡು, ಅಷ್ಟೇ.

"ಪಾಯ್ ಇದೆ. ಪಲಗೈ ಎಲ್ಲಿ?" ಎಂದರು.

ಪಾಯ್ ಎಂದರೆ ನಮ್ಮ ಹಾಯಿ. ಪಲಗೈ ಎಂದರೆ ನಮ್ಮ ಹಲಗೆ. ಅವರ ಪ ನಮ್ಮಲ್ಲಿ ಹ ಆದದ್ದು ಬಿಟ್ಟರೆ ಎರಡೂ ಮನೆಯ ಮಾತು ಒಂದೇ. ಆದರೆ ಹುಡುಗನಿಗೆ ಪ್ರಶ್ನೆ ಅರ್ಥವಾಗಲಿಲ್ಲ. ಇದೇ ಹಲಗೆಯಲ್ಲವಾ ಎಂದ. ತಾತ ಕೈಯನ್ನು ಚಾಕುವಿನ ಹಾಗೆ ನೆಟ್ಟಗೆ ಮಾಡಿ, ಹಲಗೆಯ ಪಕ್ಕದಲ್ಲಿ ನಡುವಿಗೆ ಇಟ್ಟು, ಕೆಳಕ್ಕೆ ಇಳಿಸಿ ತೋರಿಸಿದರು. ಹಾಯಿ ಎತ್ತಿದ ಕಟ್ಟುಮರಕ್ಕೆ ಪಕ್ಕದಲ್ಲಿ ನೀರಿಗೆ ಇಳಿಬಿಡುವ ಒಂದು ಹಲಗೆ ಇರುತ್ತಿತ್ತು. ಅಡ್ಡಡ್ಡ ಜಾರದಂತೆ ಅದು ಹಿಡಿಯುತ್ತಿತ್ತು.

"ಹೋಗೋದಕ್ಕೆ ಪಾಯ್ ಸಾಕು ತಂಬಿ. ವಾಪಸ್ಸು ಬರೋದಕ್ಕೆ ಪಲಗೈ ಬೇಕು."

ಇದು ಹುಡುಗನ ಎರಡನೆಯ ತಪ್ಪು, ಮತ್ತು ಪ್ಯಾಡಲ್ ಹಲಗೆಗೆ ಹಾಯಿ ಕಟ್ಟುವ ಎಲ್ಲರೂ ತಿಳಿಯಬೇಕಾದ ಮುಖ್ಯ ವಿಷಯ. ಸ್ವಲ್ಪ ಬಿಡಿಸಿ ಹೇಳುತ್ತೇನೆ. ಗಾಳಿ ಹಿಂದಿನಿಂದ ಬಂದರೆ ಎಲೆಯೂ ಮುಂದೆ ಹೋಗುತ್ತದೆ. ಗಾಳಿಗೆ ಎದುರಾಗಿ ಮರಳುವುದು ಹೇಗೆ? ಒದ್ದೆ ಹಲಸಿನ ಬೀಜವನ್ನು ಎರಡು ಬೆರಳ ನಡುವೆ ಒತ್ತಿ ನೋಡಿ, ಮುಂದಕ್ಕೆ ಚಿಮ್ಮುತ್ತದೆ. ಒಂದು ಬೆರಳು ಹಾಯಿ, ಇನ್ನೊಂದು ಬೆರಳು ನೀರಿನೊಳಗಿನ ಹಲಗೆ. ಹಾಯಿ ಪಕ್ಕಕ್ಕೆ ತಳ್ಳುತ್ತದೆ, ನೀರಿನೊಳಗಿನ ಹಲಗೆ ಹೋಗಲು ಬಿಡುವುದಿಲ್ಲ. ನಡುವೆ ಸಿಕ್ಕಿಬಿದ್ದ ದೋಣಿ ಮುಂದಕ್ಕೆ ಹೋಗುತ್ತದೆ. ಹೀಗೆ ಗಾಳಿಗೆ ಸುಮಾರು 45 ಡಿಗ್ರಿ ಓರೆಯಾಗಿ ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಹೊರಳುತ್ತಾ, ಘಾಟಿ ರಸ್ತೆ ಹತ್ತುವಂತೆ, ಗಾಳಿಯ ಎದುರಿಗೇ ಹೋಗಬಹುದು. ಒಂದು ಬೆರಳು ಇಲ್ಲದಿದ್ದರೆ ಬೀಜ ಚಿಮ್ಮುವುದಿಲ್ಲ, ಬರೀ ಜಾರುತ್ತದೆ. ಬಾಲದ ಒಂದು ಫಿನ್ ಹುಟ್ಟು ಹಾಕುವವರಿಗೆ ಸಾಕು. ಹಾಯಿಗೆ ಸಾಲದು. ಹಳೆಯ ಉದ್ದದ ವಿಂಡ್‌ಸರ್ಫಿಂಗ್ ಹಲಗೆಗಳಲ್ಲಿ ನಡುವೆ ಇಂಥ ಒಂದು ಅಲಗು ಇರುತ್ತಿತ್ತು. ಪ್ಯಾಡಲ್ ಹಲಗೆಗೆ ಕಂಬದ ತೂತು ಕೊಟ್ಟರೂ ಅಲಗು ಕೊಡದೆ ಮಾರುವುದುಂಟು. ಕೊಳ್ಳುವವರು ಮುಚ್ಚಳ ಬಿಚ್ಚಿ ನೋಡಿದರೆ ಸಾಲದು, ಮಗುಚಿಯೂ ನೋಡಬೇಕು.

ಹುಡುಗ ಪಿವಿಸಿ ಹಲಗೆಗೆ ಅಂಟಿಸುವ ಫಿನ್ ಗೂಡು ತರಿಸಿದ. ಹಲಗೆಯ ಅಡಿಭಾಗದ ನಡುವಿನಲ್ಲಿ, ಕಂಬದ ಬುಡಕ್ಕಿಂತ ಕೊಂಚ ಹಿಂದೆ, ಗುರುತು ಹಾಕಿದ. ಉಜ್ಜಿ, ಒರೆಸಿ, ಅಂಟು ಹಚ್ಚಿ, ಒಂದು ದಿನ ಪೂರ್ತಿ ಭಾರ ಹೇರಿ ಬಿಟ್ಟ. ಭಾರಕ್ಕೆ ನನ್ನ ರುಬ್ಬುವ ಗುಂಡೂ ಹೋಯಿತು. ಅದು ಒಣಗುವ ತನಕ ತಾತ ಅವನಿಗೆ ಗಾಳಿಯ ಪಾಠ ಮಾಡಿದರು. ಬಡಗಿನ ವಾಡೈ, ಮೂಡಣ ಕೊಂಡಲ್, ಪಡುವಣ ಕಚ್ಚಾನ್. ಅವನು ಫೋನಿನ ಹವಾಮಾನದ ಆ್ಯಪ್ ತೋರಿಸಿದ. ತಾತ ಬೇಡ ಎನ್ನಲಿಲ್ಲ. "ಅದು ಎಷ್ಟು ಗಾಳಿ ಅಂತ ಹೇಳುತ್ತೆ. ಬಿದ್ದರೆ ಎಲ್ಲಿಗೆ ಹೋಗ್ತೀಯ ಅಂತ ನೀನೇ ನೋಡಬೇಕು" ಎಂದರು.

ಜುಲೈನ ಒಂದು ಶನಿವಾರ ಮೂವರೂ ಮುಟ್ಟುಕಾಡಿನ ಹಿನ್ನೀರಿಗೆ ಹೋದೆವು. ರಾಯಪುರಂನಿಂದ 40 ಕಿಲೋಮೀಟರ್ ಹತ್ತಿರ. ತಾತ ಕಾರಿನ ಮುಂದಿನ ಸೀಟಿನಲ್ಲಿ ಕೂತು ದಾರಿಯುದ್ದಕ್ಕೂ ಮರದ ತುದಿ ನೋಡುತ್ತಿದ್ದರು. ಹಿನ್ನೀರನ್ನು ಆರಿಸಿದ್ದಕ್ಕೆ ಕಾರಣ ಸರಳ. ಯಾವ ಕಡೆಯ ಗಾಳಿ ಬೀಸಿದರೂ ಎದುರಿಗೆ ಒಂದು ದಡ ಇದ್ದೇ ಇರುತ್ತದೆ. ಪಕ್ಕದ ಕೋವಳಂನಲ್ಲಿ ಸರ್ಫಿಂಗು, ಪ್ಯಾಡಲ್ ಕಲಿಸುವವರಿದ್ದಾರೆ, ಬಹಳಷ್ಟು ಮಂದಿ ಮೀನುಗಾರರ ಮನೆಯ ಹುಡುಗರೇ. ಎಲ್ಲಿ ಇಳಿಯಬಹುದು, ಎಲ್ಲಿ ಕೂಡದು ಎಂದು ಅಲ್ಲಿಯವರನ್ನು ಕೇಳಿಯೇ ಇಳಿದದ್ದು.

ಮೂರು ಗಂಟೆಗೆ ಕಡಲಗಾಳಿ ಬಂತು. ಹುಡುಗ ಗಾಳಿಗೆ ಬೆನ್ನು ಮಾಡಿ ಹಲಗೆಯ ನಡುವೆ ನಿಂತು, ಹಗ್ಗ ಎಳೆದು ಹಾಯಿ ಎತ್ತಿದ. ಕಂಬವನ್ನು ಮುಂದಕ್ಕೆ ವಾಲಿಸಿದರೆ ಹಲಗೆ ಗಾಳಿಯಿಂದ ಆಚೆ ಹೊರಳುತ್ತದೆ, ಹಿಂದಕ್ಕೆ ವಾಲಿಸಿದರೆ ಗಾಳಿಯ ಕಡೆಗೆ. ಚುಕ್ಕಾಣಿಯೇ ಬೇಡ. ಎಂಟು ಹತ್ತು ಸಲ ಬಿದ್ದ. ಆಮೇಲೆ ನೂರು ಮೀಟರ್ ಹೋದ, ನಿಲ್ಲಿಸಿದ, ತಿರುಗಿಸಿದ. ಓರೆಯಾಗಿ ಒಂದು ಸಲ, ಮತ್ತೆ ಓರೆಯಾಗಿ ಇನ್ನೊಂದು ಸಲ. ಹೊರಟ ಜಾಗಕ್ಕೆ, ನಮ್ಮ ಕಾಲ ಬುಡಕ್ಕೇ ಬಂದು ನಿಂತ. ದೊಡ್ಡ ವೇಗವೇನಿಲ್ಲ, ದಡದಲ್ಲಿ ನಡೆಯುವವರು ಹಿಂದೆ ಹಾಕಬಹುದು. ಆದರೆ ಹೋದವನು ತಾನೇ ಬಂದ. ಮೇ ತಿಂಗಳಿಂದ ನನ್ನ ಹೊಟ್ಟೆಯೊಳಗೆ ಕೂತಿದ್ದ ಗಂಟು ಆಗ ಬಿಚ್ಚಿತು.

ಹಾಯಿ ಬಿಚ್ಚಿಟ್ಟ ಮೇಲೆ ತಾತ ಲುಂಗಿ ಎತ್ತಿ ಕಟ್ಟಿಕೊಂಡರು. ಬೇಡ ಎನ್ನುವಷ್ಟರಲ್ಲಿ ಹಲಗೆಯ ಮೇಲಿದ್ದರು. ಲೈಫ್ ಜಾಕೆಟ್ ಹಾಕಿಸಿದ್ದೇ ಕಷ್ಟವಾಯಿತು. ನಿಲ್ಲಲಿಲ್ಲ. ಮೊಣಕಾಲೂರಿ ಕೂತು ಹುಟ್ಟು ತೆಗೆದುಕೊಂಡು ಒಂದು ಸುತ್ತು ಹಾಕಿಕೊಂಡು ಬಂದರು. ಹುಟ್ಟು ನೀರಿಗೆ ಬೀಳುವ ಸದ್ದೇ ಕೇಳಲಿಲ್ಲ. ಇಳಿದವರು ಹುಡುಗನಿಗೆ, "ಚೆನ್ನಾಗಿದೆ. ಆದರೆ ಇದರಲ್ಲಿ ಮೀನು ಇಡೋದೆಲ್ಲಿ?" ಎಂದರು.

ಈಗ ನಿಮಗೆ ನಾಲ್ಕು ಮಾತು. ನಿಮ್ಮಲ್ಲೋ ನಿಮ್ಮ ಮಕ್ಕಳಲ್ಲೋ ಇಂಥ ಹಲಗೆ ಇದ್ದು ಹಾಯಿಯ ಆಸೆ ಹುಟ್ಟಿದರೆ ತಡೆಯಬೇಡಿ, ಒಳ್ಳೆಯ ಆಟ. ಆದರೆ ಮೊದಲು ನಡುವಿನ ಅಲಗು, ಆಮೇಲೆ ಹಾಯಿ. ಹುಟ್ಟನ್ನು ಎರಡು ತುಂಡು ಮಾಡಿ ಹಲಗೆಗೇ ಕಟ್ಟಿಕೊಂಡು ಹೋಗಿ. ಜಾಕೆಟ್ಟು, ಕಾಲಿನ ಹಗ್ಗ ಬಿಡಬೇಡಿ. ನೀರಿಗಿಳಿದ ಮೇಲೆ ಮೊದಲು ಗಾಳಿಯ ಎದುರಿಗೆ ಹೋಗಿ ನೋಡಿ. ಹೋಗಲಾಗದಿದ್ದರೆ ಆ ದಿನ ಅಷ್ಟಕ್ಕೇ ಮುಗಿಸಿ. ಹುಟ್ಟು ಹಾಕಿಕೊಂಡು ಮರಳಬಲ್ಲಷ್ಟೇ ದೂರ ಹೋಗಿ. ಕಷ್ಟ ಬಂದರೆ ಹಾಯಿ ಬಿಡಿ, ಹಲಗೆ ಬಿಡಬೇಡಿ. ದಡದಲ್ಲಿ ಇರುವವರ ಫೋನಿನಲ್ಲಿ ಕೋಸ್ಟ್ ಗಾರ್ಡಿನ 1554 ಇರಲಿ, ತಮಿಳುನಾಡಿನಲ್ಲಾದರೆ ಕರಾವಳಿ ಭದ್ರತಾ ಪಡೆಯ 1093 ಕೂಡ.

ಎಲ್ಲಕ್ಕಿಂತ ಮೊದಲು ದಡದಲ್ಲಿ ನಿಂತು ಒಂದು ಹಿಡಿ ಒಣ ಮರಳು ಬಿಟ್ಟು ನೋಡಿ. ಗಾಳಿ ಎಲ್ಲಿಂದ ಬರುತ್ತದೆ ಎಂದಲ್ಲ, ಎಲ್ಲಿಗೆ ಹೋಗುತ್ತದೆ ಎಂದು ನೋಡಿ. ಗಾಳಿಯ ಹೆಸರನ್ನು ನಾವು ಊರಿನಿಂದ ತಂದಿರುತ್ತೇವೆ. ಅದು ಎಲ್ಲಿಗೆ ಒಯ್ಯುತ್ತದೆ ಎಂಬುದು ಈ ಊರಿನದು. ಹುಡುಗನ ಮೂರನೆಯ ತಪ್ಪು ಇದೇ.

ಇಷ್ಟನ್ನೂ ಅಕ್ಕನಿಗೆ ಹೇಳಿದ್ದು ಮುಟ್ಟುಕಾಡಿನಿಂದ ಬಂದ ಮೇಲೆಯೇ. ಎಳೆದುಕೊಂಡು ಬಂದ ಭಾಗ ಬಿಟ್ಟು ಹೇಳಿದೆ. ಈ ಪತ್ರಿಕೆ ಅವಳು ಓದುವುದಿಲ್ಲ, ಓದುವ ನೀವು ಹೇಳಬೇಡಿ. ಕೇಳಿಸಿಕೊಂಡು ಅವಳು ಹೇಳಿದ್ದು ಒಂದೇ ಮಾತು. "ಸಮುದ್ರಕ್ಕೇನಾದರೂ ಹೋಗುವುದಿದ್ದರೆ ಪಡುಗಾಳಿ ನೋಡಿಕೊಂಡು ಹೋಗಲಿ ಮಾರಾಯ್ತಿ. ಅದಾದರೆ ದಡಕ್ಕೆ ತಂದು ಹಾಕುತ್ತದೆ."

"ಇಲ್ಲಿ ಇಲ್ಲ ಅಕ್ಕಾ" ಎಂದೆ.